ಆಯಿಲ್ ಬದಲಿಸಿದ ಮೇಲೆ ಹಿಂದಿನ ಹೌಸಿಂಗ್ ಕೂಗುತ್ತಿದೆ: ಕ್ರೌನ್ ಪಿನಿಯನ್ ಬದಲಿಸಲೇಬೇಕಾ?

ಪ್ರಶ್ನೆ: ನಮ್ಮದು ಜಗಳೂರು ಕಡೆ. ಎಂಟು ವರ್ಷ ಹಳೆಯ ಪಿಕಪ್ ಗಾಡಿ ಇದೆ. ಸೆಕೆಂಡ್ ಹ್ಯಾಂಡ್ ತಗೊಂಡು ಒಂದು ವರ್ಷ ಆಯ್ತು. ಮೆಕ್ಕೆಜೋಳ, ಈರುಳ್ಳಿ ಹೇರಿಕೊಂಡು ದಾವಣಗೆರೆ, ಚಿತ್ರದುರ್ಗಕ್ಕೆ ಓಡಾಡುತ್ತೇನೆ. ಹದಿನೈದು ದಿನದ ಹಿಂದೆ ಗೇರ್‌ಬಾಕ್ಸ್‌ಗೂ ಹಿಂದಿನ ಹೌಸಿಂಗ್‌ಗೂ ಆಯಿಲ್ ಬದಲಿಸಿದೆ. ಅವತ್ತಿನಿಂದ 50–60 ಸ್ಪೀಡಿನಲ್ಲಿ ಹಿಂದುಗಡೆ 'ಗುಂಯ್' ಅಂತ ಕೂಗುತ್ತಿದೆ. ಆಕ್ಸಿಲರೇಟರ್ ಬಿಟ್ಟರೆ ಕಡಿಮೆ ಆಗುತ್ತದೆ. ಮೊದಲು ಈ ಸದ್ದು ಇರಲಿಲ್ಲ. ಮೇಸ್ತ್ರಿ ಕ್ರೌನ್ ಪಿನಿಯನ್ ಸೆಟ್ಟೇ ಬದಲಿಸಬೇಕು ಅಂತಾರೆ. ಸುಗ್ಗಿ ಹತ್ತಿರ ಬಂತು. ಏನು ಮಾಡಲಿ ಸರ್?

ಉತ್ತರ: ಈಗಲೇ ಹೌಸಿಂಗ್ (ಹಿಂದಿನ ಆಕ್ಸಲ್ ನಡುವೆ ಇರುವ ಡಿಫರೆನ್ಷಿಯಲ್ ಗೇರ್‌ಗಳ ಪೆಟ್ಟಿಗೆ) ಬಿಚ್ಚಿಸಬೇಡಿ. ಅದರೊಳಗಿನ ಕ್ರೌನ್ ಪಿನಿಯನ್, ಅಂದರೆ ಎಂಜಿನ್ ಎಳೆತವನ್ನು ಚಕ್ರಗಳ ಕಡೆ ತಿರುಗಿಸುವ ದೊಡ್ಡ (ಕ್ರೌನ್), ಸಣ್ಣ (ಪಿನಿಯನ್) ಹಲ್ಲುಚಕ್ರಗಳ ಜೋಡಿ, ಸವೆದಿರಲೂಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಆಯಿಲ್ ಹಾಕಿದ ದಿನದಿಂದಲೇ ಸದ್ದು ಶುರುವಾಗಿದ್ದರೆ ಮೊದಲ ಅನುಮಾನ ಆ ಆಯಿಲ್ ಮೇಲೇ ಬರಬೇಕು. ಅದನ್ನು ನೋಡಲು ಅರ್ಧ ಗಂಟೆ ಸಾಕು. ಒಂದು ಸ್ಪ್ಯಾನರ್ ಸಾಕು. ಅಲ್ಲಿಯವರೆಗೆ ಲೋಡ್ ಹಾಕಬೇಡಿ. ಗ್ಯಾರೇಜಿಗೆ ಹೋಗಲೇಬೇಕಾದರೆ ಖಾಲಿ ಗಾಡಿಯಲ್ಲಿ, ನಿಧಾನಕ್ಕೆ ಹೋಗಿ.

ಮೊದಲು ಲೆವೆಲ್ ನೋಡಿ. ಗಾಡಿ ಸಮತಟ್ಟಾದ ಜಾಗದಲ್ಲಿ ನಿಂತಿರಬೇಕು. ಇಲ್ಲೇ ಬಹಳ ಜನ ಎಡವುತ್ತಾರೆ. ಒಂದು ಕಡೆ ಜ್ಯಾಕ್ ಕೊಟ್ಟು ಎತ್ತಿ, ಹಾಗೇ ಆಯಿಲ್ ತುಂಬಿ, ತೂತಿನಿಂದ ಹೊರಗೆ ಬಂದ ತಕ್ಷಣ 'ಫುಲ್' ಅಂದುಬಿಡುತ್ತಾರೆ. ಗಾಡಿ ಕೆಳಗಿಳಿದ ಮೇಲೆ ಒಳಗಿನ ಲೆವೆಲ್ ಬೇರೆಯೇ ಆಗಿರುತ್ತದೆ. ಇನ್ನೂ ಒಂದು ವಿಷಯ ಇದೆ. ಹೊಸದಾಗಿ ತುಂಬಿದ ಆಯಿಲ್ ನಡುವಿನ ಗುಂಡಿಯಲ್ಲೇ ನಿಲ್ಲುವುದಿಲ್ಲ. ಗಾಡಿ ಓಡಿದಂತೆ ಎರಡೂ ಕಡೆಯ ಆಕ್ಸಲ್ ಕೊಳವೆಗಳೊಳಗೂ ಸೇರಿಕೊಳ್ಳುತ್ತದೆ. ಆಗ ನಡುವೆ ಲೆವೆಲ್ ಇಳಿಯುತ್ತದೆ. ಅದಕ್ಕೇ ತುಂಬಿದ ಮೇಲೆ ಹತ್ತು ಕಿಲೋಮೀಟರ್ ಓಡಿಸಿ, ಸ್ವಲ್ಪ ಹೊತ್ತು ನಿಲ್ಲಿಸಿ, ಮತ್ತೆ ನೋಡಬೇಕು. ಈ ಎರಡನೇ ಸಲದ ನೋಟವನ್ನು ಹೆಚ್ಚಿನ ಕಡೆ ಬಿಟ್ಟೇ ಬಿಡುತ್ತಾರೆ.

ಲೆವೆಲ್ ನಟ್ (ಆಯಿಲ್ ತುಂಬುವ ತೂತಿನ ಮುಚ್ಚಳ) ಬಿಚ್ಚಿದಾಗ ಆಯಿಲ್ ತೂತಿನ ಕೆಳ ಅಂಚಿಗೆ ಸರಿಯಾಗಿ ನಿಂತಿರಬೇಕು. ಕಿರುಬೆರಳು ಒಳಗೆ ಹಾಕಿ ಕೆಳಗೆ ಬಾಗಿಸಿ. ಅಂಚಿನಲ್ಲೇ ಬೆರಳು ಒದ್ದೆಯಾದರೆ ಸರಿ. ಬೆರಳು ಪೂರ್ತಿ ಬಾಗಿಸಿದರೂ ಎಣ್ಣೆ ತಾಗದಿದ್ದರೆ ಗಾಡಿ ಹಸಿದಿದೆ ಅಂತಲೇ ಅರ್ಥ. ಇಷ್ಟು ಡಬ್ಬಿ ಹಾಕಿದ್ದೇವೆ ಅನ್ನುವ ಲೆಕ್ಕ ಬೇಡ. ತೂತೇ ಅಳತೆ. ಇನ್ನು ಮುಂದೆ ಬದಲಿಸುವಾಗ ಮೊದಲು ಲೆವೆಲ್ ನಟ್ ಬಿಚ್ಚಿಸಿ, ಆಮೇಲೆ ಕೆಳಗಿನ ಡ್ರೈನ್ ನಟ್. ಕೆಳಗಿನದನ್ನು ಬಿಚ್ಚಿ ಹಳೆ ಎಣ್ಣೆ ಸುರಿದ ಮೇಲೆ ಮೇಲಿನ ನಟ್ ತುಕ್ಕು ಹಿಡಿದು ಕದಲದಿದ್ದರೆ, ತುಂಬಲು ದಾರಿಯೇ ಇರುವುದಿಲ್ಲ.

ಲೆವೆಲ್‌ಗೆ ನಾನು ಇಷ್ಟು ಒತ್ತು ಕೊಡಲು ಕಾರಣ ಇದೆ. ಹಿಂದಿನ ಹೌಸಿಂಗ್‌ನಲ್ಲಿ ಆಯಿಲ್ ಪಂಪ್ ಇರುವುದಿಲ್ಲ. ದೊಡ್ಡ ಕ್ರೌನ್ ವೀಲ್‌ನ ಕೆಳಭಾಗ ಎಣ್ಣೆಯಲ್ಲಿ ಮುಳುಗಿರುತ್ತದೆ. ಅದು ಸುತ್ತುವಾಗ ಎಣ್ಣೆಯನ್ನು ಎತ್ತಿ ಎಸೆಯುತ್ತದೆ. ಎಸೆದ ಎಣ್ಣೆಯೇ ಮುಂದೆ ಇರುವ ಪಿನಿಯನ್ ಬೇರಿಂಗ್‌ಗಳಿಗೆ ಹರಿದು ಹೋಗಬೇಕು. ಎಣ್ಣೆ ಕಡಿಮೆಯಾದರೆ ದೂರದಲ್ಲಿರುವ ಆ ಬೇರಿಂಗ್‌ಗಳೇ ಮೊದಲು ಒಣಗುತ್ತವೆ. ಜೊತೆಗೆ ಕ್ರೌನ್ ಮತ್ತು ಪಿನಿಯನ್ ಹಲ್ಲುಗಳು ಗೇರ್‌ಬಾಕ್ಸಿನ ಹಲ್ಲುಗಳಿಗಿಂತ ಬಹಳ ಹೆಚ್ಚಾಗಿ ಒಂದರ ಮೇಲೊಂದು ಜಾರುತ್ತವೆ. ಜಾರುವ ಕಡೆ ಬಿಸಿ ಜಾಸ್ತಿ, ಸವೆತ ಜಾಸ್ತಿ. ಲೋಡ್ ಹೇರಿದ ಗಾಡಿಯಲ್ಲಿ ಕಡಿಮೆ ಎಣ್ಣೆಯಿಟ್ಟು ಓಡಿಸುವುದು ಚೆನ್ನಾಗಿರುವ ಹಲ್ಲನ್ನೂ ನಾವೇ ಕೈಯಾರೆ ಹಾಳು ಮಾಡಿದಂತೆ.

ಎರಡನೆಯದು, ಯಾವ ಎಣ್ಣೆ ಹಾಕಿದರು? ಖಾಲಿ ಡಬ್ಬಿ ಇದ್ದರೆ ತರಿಸಿ ಓದಿ. ಹಿಂದಿನ ಡಿಫರೆನ್ಷಿಯಲ್‌ಗೆ ಸಾಮಾನ್ಯವಾಗಿ ಬೇಕಾಗುವುದು ಎಪಿಐ (ಅಮೆರಿಕದ ಪೆಟ್ರೋಲಿಯಂ ಸಂಸ್ಥೆ) ಗುರುತಿಸುವ ಜಿಎಲ್-5 ದರ್ಜೆಯ ಗೇರ್ ಆಯಿಲ್. ಜಾರುವ ಹಲ್ಲುಗಳ ನಡುವೆ ಭಾರಿ ಒತ್ತಡ ತಡೆಯಲು ಅದರಲ್ಲಿ ಗಂಧಕ, ರಂಜಕದ ರಾಸಾಯನಿಕ ಜಾಸ್ತಿ ಇರುತ್ತದೆ. ಮೂಗಿಗೆ ಬಡಿಯುವ ಆ ಘಾಟು ಬರುವುದು ಅದರಿಂದಲೇ. ಗೇರ್‌ಬಾಕ್ಸಿಗೆ ಹೆಚ್ಚಾಗಿ ಜಿಎಲ್-4 ಹೇಳಿರುತ್ತಾರೆ. ಅಲ್ಲಿನ ಹಿತ್ತಾಳೆ ರಿಂಗ್‌ಗಳಿಗೆ ಜಿಎಲ್-5ರ ರಾಸಾಯನಿಕ ಒಗ್ಗದೇ ಹೋಗಬಹುದು. ನೀವು ಎರಡನ್ನೂ ಒಂದೇ ದಿನ ಬದಲಿಸಿದ್ದೀರಿ. ಅದಲು ಬದಲಾಗಿರುವ ಸಾಧ್ಯತೆ ಇದೆ. ಒಂದೇ ದೊಡ್ಡ ಡಬ್ಬಿಯಿಂದ ಎರಡಕ್ಕೂ ಸುರಿದಿರುವುದೂ ಉಂಟು. ಗೇರ್‌ಬಾಕ್ಸ್ ಲೆವೆಲ್ ಕೂಡ ಅದೇ ದಿನ ನೋಡಿಬಿಡಿ.

ನಮ್ಮಲ್ಲಿ 'ನೈಂಟಿ ಆಯಿಲ್ ಹಾಕು' ಅಂದರೆ ಮುಗೀತು. ನೈಂಟಿ ಅನ್ನುವುದು ದಪ್ಪದ ಸಂಖ್ಯೆ ಮಾತ್ರ. ದರ್ಜೆ ಬೇರೆ, ದಪ್ಪ ಬೇರೆ. ಎರಡೂ ಸರಿ ಇರಬೇಕು. ಎಂಜಿನ್ ಆಯಿಲ್ ಸಂಖ್ಯೆಗೂ ಗೇರ್ ಆಯಿಲ್ ಸಂಖ್ಯೆಗೂ ಹೋಲಿಕೆ ಮಾಡಬೇಡಿ. 90ರ ಗೇರ್ ಆಯಿಲ್ ದಪ್ಪದಲ್ಲಿ ಹೆಚ್ಚು ಕಡಿಮೆ 40–50ರ ಎಂಜಿನ್ ಆಯಿಲ್‌ನಷ್ಟೇ ಇರುತ್ತದೆ. ಹಾಗಂತ ಉಳಿದ ಎಂಜಿನ್ ಆಯಿಲನ್ನು ಹೌಸಿಂಗ್‌ಗೆ ಸುರಿದರೆ ಕೆಲಸ ಕೆಡುತ್ತದೆ, ಅದರಲ್ಲಿ ಈ ಹಲ್ಲುಗಳಿಗೆ ಬೇಕಾದ ರಾಸಾಯನಿಕ ಇಲ್ಲ. ನಿಮ್ಮ ಗಾಡಿಗೆ 80ಡಬ್ಲ್ಯು-90 ಬೇಕೋ 85ಡಬ್ಲ್ಯು-140 ಬೇಕೋ ಅನ್ನುವುದು ಗಾಡಿಯ ಪುಸ್ತಕದಲ್ಲಿ ಇರುತ್ತದೆ. ಪುಸ್ತಕ ಇಲ್ಲದಿದ್ದರೆ ಕಂಪನಿ ಸರ್ವೀಸ್ ಸೆಂಟರ್‌ನಲ್ಲಿ ಗಾಡಿ ಮಾದರಿ ಹೇಳಿ ಕೇಳಿ.

ಈಗ ನೀವು ಸೆಕೆಂಡ್ ಹ್ಯಾಂಡ್ ತಗೊಂಡಿದ್ದೀರಿ ಅನ್ನುವ ಮಾತಿಗೆ ಬರುತ್ತೇನೆ. ಅದು ಮುಖ್ಯ. ಸವೆದ ಹಲ್ಲು, ಸಡಿಲವಾದ ಬೇರಿಂಗ್ ಇರುವ ಗಾಡಿಗೆ ಮಾರುವ ಮೊದಲು 140 ಆಯಿಲ್ ಹಾಕಿ, ಕೆಲವು ಸಲ ಅದರಲ್ಲಿ ಗ್ರೀಸ್ ಬೆರೆಸಿ ಸದ್ದು ಅಡಗಿಸುವವರು ಇದ್ದಾರೆ. ಯಾರೂ ಮೋಸ ಮಾಡದಿದ್ದರೂ, ವರ್ಷಗಟ್ಟಲೆ ಬದಲಿಸದ ಎಣ್ಣೆ ಮಡ್ಡಿಗಟ್ಟಿ ಗಟ್ಟಿಯಾಗಿರುತ್ತದೆ. ಅದೂ ಸದ್ದು ಹೀರುತ್ತದೆ. ಸರಿಯಾದ ಹೊಸ ಎಣ್ಣೆ ಬಿದ್ದ ಕೂಡಲೇ ಒಳಗಿದ್ದ ಸವೆತ ಕಿವಿಗೆ ಕೇಳುತ್ತದೆ. ಹಾಗಾಗಿದ್ದರೆ ಆಯಿಲ್ ಬದಲಿಸಿದವರದು ತಪ್ಪಲ್ಲ. ಸದ್ದು ಅಡಗಲಿ ಅಂತ ಮತ್ತೆ ದಪ್ಪ ಎಣ್ಣೆಗೆ ಹೋಗುವುದನ್ನು ನಾನು ಒಪ್ಪುವುದಿಲ್ಲ. ಕೇಳದಿದ್ದರೆ ಸವೆತ ನಿಂತಿತು ಅಂತಲ್ಲ. ಹಳೆ ಎಣ್ಣೆ ಹೇಗಿತ್ತು ಅಂತ ಮೇಸ್ತ್ರಿಯನ್ನು ಕೇಳಿ. ಜೇನಿನಂತೆ ಎಳೆ ಎಳೆಯಾಗಿ ಇಳಿಯಿತಾ, ನೀರಾಗಿತ್ತಾ, ಡ್ರೈನ್ ನಟ್‌ನ ಮ್ಯಾಗ್ನೆಟ್‌ನಲ್ಲಿ ಏನಿತ್ತು, ಇದಿಷ್ಟು ಅವರಿಗೆ ನೆನಪಿರುತ್ತದೆ.

ಇನ್ನೊಂದು ಪ್ರಶ್ನೆಯನ್ನು ಅವರಿಗೆ ತಪ್ಪದೇ ಕೇಳಬೇಕು: ಆಯಿಲ್ ಜೊತೆಗೆ ಪಿನಿಯನ್ ಸೀಲ್ ಕೂಡ ಬದಲಿಸಿದರಾ? ಹೌಸಿಂಗ್ ಮುಂದೆ ಎಣ್ಣೆ ಸೋರುತ್ತಿತ್ತು, ಹೇಗೂ ಬಿಚ್ಚಿದ್ದೇವೆ, ಸೀಲ್ ಹಾಕೋಣ ಅಂತ ಮಾಡಿರಬಹುದು. ಸೀಲ್ ಹಾಕಲು ಪಿನಿಯನ್ ನಟ್ ಬಿಚ್ಚಬೇಕು. ಆ ನಟ್ ಬರೀ ನಟ್ ಅಲ್ಲ. ಪಿನಿಯನ್‌ನ ಎರಡು ಬೇರಿಂಗ್‌ಗಳ ಮೇಲೆ ಎಷ್ಟು ಬಿಗಿ ಇರಬೇಕು ಅನ್ನುವುದನ್ನು ಅದೇ ನಿರ್ಧರಿಸುತ್ತದೆ. ಹಲವು ಗಾಡಿಗಳಲ್ಲಿ ಎರಡು ಬೇರಿಂಗ್ ನಡುವೆ ಒಂದು ತೆಳು ಕೊಳವೆ ಇರುತ್ತದೆ, ಬಿಗಿದಂತೆ ಅದು ಕುಗ್ಗುತ್ತದೆ. ಒಮ್ಮೆ ಕುಗ್ಗಿದರೆ ಮತ್ತೆ ಉದ್ದವಾಗುವುದಿಲ್ಲ. ಏರ್ ಗನ್ ಹಿಡಿದು ಗರ್ರ್ ಅಂತ ಬಿಗಿದುಬಿಟ್ಟರೆ ಬೇರಿಂಗ್ ಹಿಡಿದುಕೊಂಡು ಬಿಸಿಯಾಗಿ ಕೂಗುತ್ತದೆ. ಸಡಿಲ ಬಿಟ್ಟರೆ ಪಿನಿಯನ್ ಮುಂದೆ ಹಿಂದೆ ಆಡುತ್ತದೆ, ಆಗ ಆಕ್ಸಿಲರೇಟರ್ ಬಿಟ್ಟಾಗ ಸದ್ದು ಜಾಸ್ತಿ. ಸರಿಯಾದ ಕೆಲಸ ಅಂದರೆ ಬಿಚ್ಚುವ ಮೊದಲೇ ನಟ್‌ಗೆ ಗುರುತು ಹಾಕಿ, ಪಿನಿಯನ್ ತಿರುಗಿಸಲು ಎಷ್ಟು ಬಲ ಬೇಕು ಅಂತ ಅಳೆದುಕೊಂಡು, ಮತ್ತೆ ಅಷ್ಟಕ್ಕೇ ತರುವುದು. ಸೀಲ್ ಬದಲಿಸಿದ್ದು ಹೌದು ಅಂದರೆ, ಲೆವೆಲ್ ನೋಡಿದ ಮೇಲೆ ನನ್ನ ಮುಂದಿನ ಅನುಮಾನ ಈ ನಟ್ ಮೇಲೆ.

ಲೆವೆಲ್ ಸರಿ, ಆಯಿಲ್ ಸರಿ, ಸೀಲ್ ಮುಟ್ಟಿಲ್ಲ, ಆದರೂ ಸದ್ದು ಇದೆ ಅಂದರೆ ಗಾಡಿ ಓಡಿಸಿ ಕೇಳಬೇಕು. ಖಾಲಿ ಗಾಡಿ, ಪಕ್ಕದಲ್ಲಿ ಇನ್ನೊಬ್ಬರು ಇರಲಿ. ನಿಮಗೆ ಹೆದ್ದಾರಿ 48 ಹತ್ತಿರವೇ ಇದೆ. ಬೆಳಿಗ್ಗೆ ಬೇಗ, ವಾಹನ ಕಡಿಮೆ ಇರುವಾಗ ಹೋಗಿ. ಆ ಹೊತ್ತಿನಲ್ಲಿ ಗಾಳಿಯೂ ಕಡಿಮೆ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸಾಲಾಗಿ ನಿಲ್ಲಿಸಿದ್ದು ಸುಮ್ನೆ ಅಲ್ಲ. ಅಡ್ಡಗಾಳಿಗೆ ಟಾರ್ಪಾಲು, ಹಗ್ಗ, ಬಾಡಿ ತಗಡು ಎಲ್ಲಾ ಸೇರಿ ಮಾಡುವ ಸದ್ದು ಹೌಸಿಂಗ್ ಸದ್ದಿನಂತೆಯೇ ಕೇಳುತ್ತದೆ. ಟಾರ್ಪಾಲು ತೆಗೆದಿಟ್ಟು ಹೋಗಿ.

ಮೊದಲು ನಯವಾದ ಡಾಂಬರಿನಲ್ಲಿ, ಆಮೇಲೆ ಸರ್ವೀಸ್ ರಸ್ತೆಯ ಒರಟು ಡಾಂಬರಿನಲ್ಲಿ ಅದೇ ಸ್ಪೀಡಿನಲ್ಲಿ ಓಡಿಸಿ. ರಸ್ತೆ ಬದಲಾದಂತೆ ಸದ್ದೂ ಬದಲಾದರೆ ಅದು ಟೈರ್. ಹೌಸಿಂಗ್‌ಗೆ ರಸ್ತೆ ಯಾವುದಾದರೂ ಒಂದೇ. ಆಮೇಲೆ 50ರಲ್ಲಿ ನಾಲ್ಕನೇ ಗೇರ್, ಐದನೇ ಗೇರ್ ಎರಡರಲ್ಲೂ ಕೇಳಿ. ಸ್ಪೀಡ್ ಅಷ್ಟೇ ಇದ್ದು, ಗೇರ್ ಬದಲಿಸಿದಾಗ ಸದ್ದಿನ ಸ್ವರ ಏರಿಳಿದರೆ ಅದು ಎಂಜಿನ್ ಅಥವಾ ಗೇರ್‌ಬಾಕ್ಸ್ ಕಡೆಯದು. ಸ್ವರ ಹಾಗೇ ಉಳಿದರೆ ಹಿಂದಿನದು. ಇಂತಹ ಹೆಚ್ಚಿನ ಗಾಡಿಗಳಲ್ಲಿ ನಾಲ್ಕನೇ ಗೇರ್ ನೇರ ಗೇರ್, ಅಂದರೆ ಒಳಗಿನ ಹಲ್ಲುಗಳ ಮೇಲೆ ಭಾರ ಬೀಳದೆ ಎಳೆತ ನೇರವಾಗಿ ಹಿಂದಕ್ಕೆ ಹೋಗುತ್ತದೆ. ಮೂರು, ಐದರಲ್ಲಿ ಕೂಗಿ ನಾಲ್ಕರಲ್ಲಿ ಶಾಂತವಾದರೆ ಗೇರ್‌ಬಾಕ್ಸ್ ನೋಡಿ, ಹೌಸಿಂಗ್ ಬಿಟ್ಟುಬಿಡಿ.

ಈಗ ಮುಖ್ಯವಾದ ಪರೀಕ್ಷೆ. ಅದೇ ಸ್ಪೀಡಿನಲ್ಲಿ ಮೂರು ಸ್ಥಿತಿಯಲ್ಲಿ ಕೇಳಿ: ಆಕ್ಸಿಲರೇಟರ್ ಒತ್ತಿ ಎಳೆಯುವಾಗ, ಪೂರ್ತಿ ಬಿಟ್ಟಾಗ, ಎಳೆತವೂ ಇಲ್ಲ ತಡೆತವೂ ಇಲ್ಲ ಅನ್ನುವಂತೆ ಹದವಾಗಿ ಇಟ್ಟಾಗ. ಕ್ರೌನ್ ಹಲ್ಲಿಗೆ ಎರಡು ಮುಖ ಇದೆ. ಎಳೆಯುವಾಗ ಪಿನಿಯನ್ ಒಂದು ಮುಖವನ್ನು ಒತ್ತುತ್ತದೆ. ಬಿಟ್ಟಾಗ ಚಕ್ರವೇ ಪಿನಿಯನ್ ತಿರುಗಿಸುವುದರಿಂದ ಭಾರ ಇನ್ನೊಂದು ಮುಖಕ್ಕೆ ಬೀಳುತ್ತದೆ. ಎಳೆಯುವಾಗ ಮಾತ್ರ ಕೂಗಿದರೆ ಎಳೆಯುವ ಮುಖದಲ್ಲಿ ಸವೆತ ಇದೆ, ಇಲ್ಲವೇ ಅಲ್ಲಿ ಎಣ್ಣೆಯ ಪದರ ನಿಲ್ಲುತ್ತಿಲ್ಲ. ನಿಮ್ಮ ಗಾಡಿ ಹೇಳುತ್ತಿರುವುದು ಇದನ್ನೇ. ಎಣ್ಣೆ ಕಡಿಮೆ ಇದ್ದರೂ, ತಪ್ಪು ಎಣ್ಣೆ ಇದ್ದರೂ ಮೊದಲು ಸದ್ದು ಬರುವುದು ಭಾರ ಜಾಸ್ತಿ ಬೀಳುವ ಈ ಮುಖದಲ್ಲೇ. ಬಿಟ್ಟಾಗ ಮಾತ್ರ ಕೂಗಿದರೆ ಪಿನಿಯನ್ ಸಡಿಲ ಆಗಿದೆಯಾ ನೋಡಬೇಕು. ಎಳೆದರೂ ಬಿಟ್ಟರೂ ಒಂದೇ ಸಮ 'ಗೊರ್ರ್' ಅನ್ನುತ್ತಿದ್ದರೆ ಅದು ಹಲ್ಲಲ್ಲ, ಬೇರಿಂಗ್.

ಯಾವ ಬೇರಿಂಗ್ ಅನ್ನುವುದಕ್ಕೂ ದಾರಿ ಇದೆ. 60ರ ಸ್ಪೀಡಿನಲ್ಲಿ ನಿಮ್ಮ ಚಕ್ರ ಸೆಕೆಂಡಿಗೆ ಸುಮಾರು ಏಳೆಂಟು ಸುತ್ತು ತಿರುಗುತ್ತದೆ. ಪಿನಿಯನ್ ಅದರ ನಾಲ್ಕರಷ್ಟು, ಅಂದರೆ ಮೂವತ್ತರ ಆಸುಪಾಸು. ಪಿನಿಯನ್‌ಗೆ ಹತ್ತು ಹಲ್ಲು ಅಂದುಕೊಳ್ಳಿ, ಸೆಕೆಂಡಿಗೆ ಮುನ್ನೂರು ಸಲ ಹಲ್ಲಿಗೆ ಹಲ್ಲು ಕೂಡುತ್ತದೆ. ಒಂದೇ ಸ್ವರದ 'ಗುಂಯ್' ಬರುವುದು ಅಲ್ಲಿಂದ. ಪಿನಿಯನ್ ಬೇರಿಂಗ್ ಹಾಳಾದರೆ ಒಂದೇ ಸ್ವರದಲ್ಲಿ ನಿಲ್ಲದ, ಬೇಗ ಬೇಗ ಸುತ್ತುವ ಕಿರುಗುಟ್ಟುವಿಕೆ. ಕ್ರೌನ್ ಪಕ್ಕದ ಬೇರಿಂಗ್, ಚಕ್ರದ ಬೇರಿಂಗ್ ಚಕ್ರದ ವೇಗದಲ್ಲೇ ಸುತ್ತುವುದರಿಂದ ಸದ್ದು ದಪ್ಪ, ನಿಧಾನ, ಗೊರ ಗೊರ. ಎಡಕ್ಕೆ ತಿರುವು ತಗೊಂಡಾಗ ಭಾರ ಬಲಕ್ಕೆ ಬೀಳುತ್ತದೆ. ಆಗ ಸದ್ದು ಏರಿದರೆ ಬಲ ಚಕ್ರದ ಬೇರಿಂಗ್, ಬಲಕ್ಕೆ ತಿರುಗಿದಾಗ ಏರಿದರೆ ಎಡದ್ದು.

ಸ್ಟಾರ್ ಪಿನಿಯನ್ (ತಿರುವಿನಲ್ಲಿ ಎರಡು ಚಕ್ರಗಳು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಸಣ್ಣ ಹಲ್ಲುಚಕ್ರಗಳು) ಮೇಲೆ ಅನುಮಾನ ಪಡುವವರು ಇದನ್ನು ನೆನಪಿಡಿ: ನೇರ ರಸ್ತೆಯಲ್ಲಿ ಸ್ಟಾರ್ ಪಿನಿಯನ್‌ಗಳು ತಮ್ಮ ಪಿನ್ ಮೇಲೆ ತಿರುಗುವುದೇ ಇಲ್ಲ. ಎರಡೂ ಚಕ್ರದ ವೇಗ ಬೇರೆಯಾದಾಗ ಮಾತ್ರ ತಿರುಗುತ್ತವೆ. ನೇರ ರಸ್ತೆಯಲ್ಲಿ ಕೂಗುವ ನಿಮ್ಮ ಸದ್ದಿಗೆ ಅವು ಕಾರಣ ಅಲ್ಲ. ತಿರುವಿನಲ್ಲಿ ಮಾತ್ರ ಕಟ ಕಟ ಅಂದರೆ ಆಗ ಅವುಗಳ ಸರದಿ. ಗಾಡಿ ಹೊರಡುವಾಗ, ರಿವರ್ಸ್ ಹಾಕುವಾಗ ಒಮ್ಮೆ 'ಟಣ್' ಅಂದರೆ ಗೇರ್‌ಬಾಕ್ಸಿನಿಂದ ಹಿಂದಕ್ಕೆ ಎಳೆತ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕ್ರಾಸ್ (ತುದಿಯ ಕೀಲು) ಮೊದಲು ನೋಡಿ. ಒಂದೇ ಚಕ್ರ ಸುಮ್ಮನೆ ಸುತ್ತದಂತೆ ತಡೆಯುವ ಲಾಕಿಂಗ್ ಅಥವಾ ಲಿಮಿಟೆಡ್ ಸ್ಲಿಪ್ ಡಿಫರೆನ್ಷಿಯಲ್ ಇರುವ ಗಾಡಿಯವರಿಗೆ ಎಣ್ಣೆಯ ನಿಯಮ ಬೇರೆ, ಅವರು ಪುಸ್ತಕ ಬಿಟ್ಟು ಅತ್ತಿತ್ತ ಹೋಗಬಾರದು.

ಓಡಿಸಿ ಬಂದ ತಕ್ಷಣ ಬಿಸಿ ನೋಡಿ. ಹೌಸಿಂಗ್ ಬಿಸಿಯಾಗುವುದು ಸಹಜ, ಕೈ ಇಡಬೇಡಿ. ನಾಲ್ಕು ಹನಿ ನೀರು ಚಿಮುಕಿಸಿ. ಚುರ್ ಅಂತ ಆವಿಯಾದರೆ 100 ಡಿಗ್ರಿ ದಾಟಿದೆ, ಖಾಲಿ ಗಾಡಿಗೆ ಅದು ಸರಿಯಲ್ಲ. ನಡುವಿಗಿಂತ ಮುಂದಿನ ಮೂತಿ, ಅಂದರೆ ಪಿನಿಯನ್ ಇರುವ ಜಾಗ ಜಾಸ್ತಿ ಬಿಸಿಯಿದ್ದರೆ ಪಿನಿಯನ್ ಬೇರಿಂಗ್ ಮೇಲೆ ಅನುಮಾನ ಗಟ್ಟಿಯಾಗುತ್ತದೆ.

ಗಾಡಿ ತಣ್ಣಗಾದ ಮೇಲೆ ಚಕ್ರಗಳಿಗೆ ತಡೆ ಕೊಟ್ಟು, ನ್ಯೂಟ್ರಲ್ ಮಾಡಿ, ಪ್ರೊಪೆಲ್ಲರ್ ಶಾಫ್ಟಿನ ಹಿಂದಿನ ತುದಿ ಹಿಡಿದು ಮೇಲೆ ಕೆಳಗೆ ಅಲುಗಿಸಿ. ಪಿನಿಯನ್ ಬಳಿ ಅಲುಗಾಟ ಒಂಚೂರೂ ಇರಬಾರದು. ತಿರುಗಿಸಿದರೆ 'ಟಿಕ್' ಅನ್ನುವಷ್ಟು ಸಣ್ಣ ಸಡಿಲ ಇರುವುದು ಸರಿಯೇ. ಗಾಡಿ ಎತ್ತಲೇಬೇಕಾದರೆ ಸ್ಟ್ಯಾಂಡ್ ಇಟ್ಟೇ ಕೆಳಗೆ ಹೋಗಿ. ಬರೀ ಜ್ಯಾಕ್ ನಂಬಿ, ಕಲ್ಲು ಪೇರಿಸಿ ಯಾರೂ ಗಾಡಿ ಕೆಳಗೆ ಮಲಗಬೇಡಿ, ದಯವಿಟ್ಟು.

ಆಯಿಲ್ ತಪ್ಪು ದರ್ಜೆಯದು ಅಂತ ಗೊತ್ತಾದರೆ ಮತ್ತೆ ಇಳಿಸಬೇಕಾಗುತ್ತದೆ. ಆಗ ಅದನ್ನು ಹಳೆಯ ಬಿಳಿ ಪಂಚೆ ಬಟ್ಟೆಯಲ್ಲಿ ಸೋಸಿ ಬಿಸಿಲಿಗೆ ಹಿಡಿಯಿರಿ. ಮ್ಯಾಗ್ನೆಟ್ ಮೇಲೆ ಬೂದು ಬಣ್ಣದ ನುಣ್ಣನೆ ಲೇಪ ಇದ್ದರೆ ಅದು ಸಹಜ ಸವೆತ, ಒರೆಸಿ ಹಾಕಿ. ಬಟ್ಟೆಯಲ್ಲಿ ಮಿನುಗುವ ಚಕ್ಕೆಗಳಿದ್ದರೆ ಬೇರಿಂಗ್ ಅಥವಾ ಹಲ್ಲಿನ ಮೇಲ್ಪದರ ಏಳುತ್ತಿದೆ. ಹಲ್ಲಿನ ಆಕಾರದ ತುಂಡು ಸಿಕ್ಕರೆ ಗಾಡಿ ಅಲ್ಲಿಂದ ಒಂದು ಹೆಜ್ಜೆಯೂ ಓಡಬಾರದು. ಎಣ್ಣೆ ಹಾಲು ಬೆರೆಸಿದಂತೆ ಬೆಳ್ಳಗಿದ್ದರೆ ನೀರು ಸೇರಿದೆ. ಭದ್ರಾ ನಾಲೆಯ ಭತ್ತದ ಗದ್ದೆ ಕಡೆ ಓಡಾಡುವ ಗಾಡಿಗಳಿಗೆ ಈ ತೊಂದರೆ ಇದೆ. ಬಿಸಿ ಹೌಸಿಂಗ್ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ, ಸೀಲ್ ಅಂಚಿನಿಂದಲೋ ಬ್ರೀದರ್‌ನಿಂದಲೋ (ಗಾಳಿಯಾಡುವ ತೂತು) ನೀರು ಎಳೆದುಕೊಳ್ಳುತ್ತದೆ. ಹೌಸಿಂಗ್ ಮೇಲಿರುವ ಆ ಪುಟ್ಟ ಬ್ರೀದರ್ ಕೆಸರಿನಿಂದ ಮುಚ್ಚಿದ್ದರೆ ಬಿಡಿಸಿ, ಮುಚ್ಚಿದ್ದರೆ ಒಳಗಿನ ಒತ್ತಡಕ್ಕೆ ಹೊಸ ಸೀಲ್ ಕೂಡ ಸೋರುತ್ತದೆ.

ನಿಮ್ಮ ವಿಷಯದಲ್ಲಿ ನನ್ನ ಅಂದಾಜು ಇಷ್ಟು. ಲೆವೆಲ್ ಕಡಿಮೆ ಇರುವ ಸಾಧ್ಯತೆ ಎಲ್ಲಕ್ಕಿಂತ ಹೆಚ್ಚು. ಆಮೇಲೆ ತಪ್ಪು ಆಯಿಲ್. ಆಮೇಲೆ ಹಳೆ ಸವೆತ ಈಗ ಕೇಳುತ್ತಿರುವುದು. ಲೆವೆಲ್ ಸರಿ ಮಾಡಿದ ಮೇಲೆ ಸದ್ದು ಪೂರ್ತಿ ಹೋದರೂ ಹದಿನೈದು ದಿನ ಒಣಗಿ ಓಡಿದ ಹೌಸಿಂಗ್ ಅದು, ಒಂದು ತಿಂಗಳು ಬಿಟ್ಟು ಎಣ್ಣೆ ಇಳಿಸಿ ಚಕ್ಕೆ ಇದೆಯಾ ನೋಡಿ. ಸದ್ದು ಸ್ವಲ್ಪ ಉಳಿದು, ಏರದೆ, ಚಕ್ಕೆ ಇಲ್ಲದೆ, ಬಿಸಿ ಇಲ್ಲದೆ ಇದ್ದರೆ ಸುಗ್ಗಿ ಮುಗಿಯುವವರೆಗೆ ಮಿತವಾದ ಲೋಡಿನಲ್ಲಿ ಓಡಿಸಬಹುದು. ಒಂದೇ ಸಮ ಇರುವ 'ಗುಂಯ್' ತುರ್ತಿನದಲ್ಲ. ದಿನದಿಂದ ದಿನಕ್ಕೆ ಏರುವ 'ಗೊರ್ರ್' ತುರ್ತಿನದು. ಪಿನಿಯನ್ ಬೇರಿಂಗ್ ಹಿಡಿದುಕೊಂಡರೆ ಓಡುವ ಗಾಡಿಯ ಹಿಂದಿನ ಎರಡೂ ಚಕ್ರ ಲಾಕ್ ಆಗಬಹುದು. ಹೆದ್ದಾರಿಯಲ್ಲಿ, ಹಿಂದೆ ಲಾರಿ ಇರುವಾಗ, ಅದು ಜೀವದ ಪ್ರಶ್ನೆ.

ಕೊನೆಗೂ ಬಿಚ್ಚಲೇಬೇಕು ಅಂತಾದರೆ ಕೆಲವು ಮಾತು ಮೊದಲೇ ಒಪ್ಪಿಸಿಕೊಳ್ಳಿ. ಕ್ರೌನ್, ಪಿನಿಯನ್ ಜೋಡಿಯಾಗಿ ಉಜ್ಜಿ ಹೊಂದಿಸಿದ್ದು. ಒಂದನ್ನು ಮಾತ್ರ ಬದಲಿಸಬಾರದು. ಗುಜರಿಯಿಂದ ತರುವುದಾದರೂ ಒಂದೇ ಗಾಡಿಯ ಜೋಡಿ ಇರಲಿ, ಹಲ್ಲಿನ ಎಣಿಕೆ ನಿಮ್ಮದಕ್ಕೆ ಸರಿಹೊಂದಲಿ. ಬೇರಿಂಗ್ ಮಾತ್ರ ಹೋಗಿದ್ದು ಹಲ್ಲು ಚೆನ್ನಾಗಿದ್ದರೆ ಸೆಟ್ ಬದಲಿಸುವ ಖರ್ಚು ಬೇಡವೇ ಬೇಡ. ಜೋಡಿಸುವಾಗ ಡಯಲ್ ಗೇಜ್ (ಸೂಕ್ಷ್ಮ ಅಲುಗಾಟ ಅಳೆಯುವ ಮುಳ್ಳಿನ ಮಾಪಕ) ಇಟ್ಟು ಹಲ್ಲುಗಳ ನಡುವಿನ ಸಡಿಲ ಅಳೆಯಬೇಕು. ಹಲವು ಸಣ್ಣ ಗಾಡಿಗಳಲ್ಲಿ ಅದು 0.10ರಿಂದ 0.20 ಮಿಲಿಮೀಟರ್ ಆಸುಪಾಸು, ನಿಮ್ಮ ಗಾಡಿಯ ಅಳತೆ ಕಂಪನಿ ಪುಸ್ತಕದಲ್ಲಿ ಇರುತ್ತದೆ. ಕೈಯಲ್ಲಿ ಅಲುಗಿಸಿ 'ಸರಿ ಇದೆ' ಅನ್ನುವ ಅಳತೆ ಇದಲ್ಲ. ಹರಿಹರದಲ್ಲಿ ಕಿರ್ಲೋಸ್ಕರ್ ಲೇತ್ ತಯಾರಾಗುತ್ತಿದ್ದ ಜಿಲ್ಲೆ ನಮ್ಮದು. ಮಿಲಿಮೀಟರಿನ ನೂರನೇ ಭಾಗ ಅಳೆಯುವ ಕೈಗಳಿಗೆ ಇಲ್ಲಿ ಬರ ಇಲ್ಲ. ಗೇಜ್ ಇಲ್ಲದ ಗ್ಯಾರೇಜಿಗೆ ಈ ಕೆಲಸ ಕೊಡಬೇಡಿ. ಹಲ್ಲಿಗೆ ಬಣ್ಣ ಬಳಿದು ತಿರುಗಿಸಿ, ಗುರುತು ಹಲ್ಲಿನ ನಡುವೆ ಬಿದ್ದಿದೆಯಾ ಅಂತ ನಿಮಗೆ ತೋರಿಸಲಿ, ಫೋನಿನಲ್ಲಿ ಫೋಟೊ ತೆಗೆದಿಟ್ಟುಕೊಳ್ಳಿ.

ಹೊಸ ಸೆಟ್ ಕೂತ ಮೇಲೆ ಮೊದಲ 20–30 ಕಿಲೋಮೀಟರ್ ಖಾಲಿ ಓಡಿಸಿ, ಪೂರ್ತಿ ತಣ್ಣಗಾಗಲು ಬಿಡಿ. ನಂತರ 500–800 ಕಿಲೋಮೀಟರ್‌ವರೆಗೆ ಪೂರ್ತಿ ಲೋಡ್ ಬೇಡ. ಅಷ್ಟಾದ ಮೇಲೆ ಆ ಎಣ್ಣೆ ಇಳಿಸಿ ಹೊಸದು ಹಾಕಿಸಿ, ಹಲ್ಲು ಪಳಗುವಾಗ ಬಿದ್ದ ಪುಡಿಯೆಲ್ಲ ಅದರಲ್ಲೇ ಇರುತ್ತದೆ.